ಹಬ್ ಫ್ರೀ ಇದ್ದರೂ ಊಂ ಅನ್ನುವ ಜಿಪ್ಸಿ

ಪ್ರಶ್ನೆ: ನನ್ನದು 2011ರ ಮಾರುತಿ ಜಿಪ್ಸಿ ಕಿಂಗ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ಉತ್ತರಹಳ್ಳಿಯಲ್ಲಿ, ತೋಟ ಸಕಲೇಶಪುರದ ಹತ್ತಿರ. ಈಚೆಗೆ 55–60ರ ವೇಗದಲ್ಲಿ ರಸ್ತೆಯ ಜಾಯಿಂಟ್ ಅಥವಾ ಗುಂಡಿ ಸಿಕ್ಕರೆ ಸ್ಟೇರಿಂಗ್ ಗಡಗಡ ನಡುಗುತ್ತೆ. 30ಕ್ಕೆ ಇಳಿಯುವ ತನಕ ನಿಲ್ಲಲ್ಲ. ಬಲಗಡೆ ಮುಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗುತ್ತಿದೆ. ತೋಟದಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಟಕ್ ಟಕ್ ಸದ್ದು. ಇದಲ್ಲದೆ 50 ದಾಟಿದ ಮೇಲೆ ಊಂ ಅಂತ ಒಂದು ಸದ್ದು ಬರುತ್ತೆ, ಹಬ್ ಫ್ರೀ ಇದ್ದರೂ ಬರುತ್ತೆ. ಒಂದು ಗ್ಯಾರೇಜಿನವರು ಮುಂದಿನ ಕ್ರೌನ್ ಪಿನಿಯನ್ (ಆಕ್ಸಲ್ ನಡುವಿನ ಗಿಯರು ಜೋಡಿ) ಬದಲಿಸಿ ಅಂದರು. ಇನ್ನೊಬ್ಬರು ಸ್ಟೇರಿಂಗ್ ಬಾಕ್ಸ್ ಹೋಗಿದೆ ಅಂದರು. ಮೂರನೆಯವರು ಅಲೈನ್‌ಮೆಂಟ್ ಮಾಡಿ ಸ್ಟೇರಿಂಗಿನ ನಡುಕ ಹೀರುವ ಡ್ಯಾಂಪರ್ ಹಾಕಿ ಸಾಕು ಅಂದರು. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತಿಗೆ ನಾನು ಗೆರೆ ಎಳೆದೆ. ‘ಹಬ್ ಫ್ರೀ ಇದ್ದರೂ ಬರುತ್ತೆ.’ ಮೊದಲನೇ ಗ್ಯಾರೇಜಿನವರು ಇದನ್ನು ಕಿವಿಗೆ ಹಾಕಿಕೊಂಡಿದ್ದರೆ ಕ್ರೌನ್ ಪಿನಿಯನ್ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹಬ್ ಲಾಕ್ ಅಂದ್ರೆ ಮುಂದಿನ ಚಕ್ರ ಒಳಗಿನ ಶಾಫ್ಟಿಗೆ ಜೋಡಿಕೊಂಡಿರುತ್ತೆ, ಫ್ರೀ ಅಂದ್ರೆ ಬಿಟ್ಟುಕೊಂಡಿರುತ್ತೆ. ಟೂ ಹೈನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ) ಹಬ್ ಫ್ರೀ ಇಟ್ಟು ಓಡಿಸುವಾಗ ಮುಂದಿನ ಕ್ರೌನ್ ಪಿನಿಯನ್ ಹೆಚ್ಚುಕಡಿಮೆ ನಿಂತೇ ಇರುತ್ತೆ. ಚಕ್ರ ಮಾತ್ರ ತನ್ನ ಬೇರಿಂಗ್ ಮೇಲೆ ತಿರುಗುತ್ತೆ. ಒಳಗಿನ ಶಾಫ್ಟು, ಗಿಯರು, ಆಕ್ಸಲ್ಲಿಗೆ ಶಕ್ತಿ ತರುವ ಮುಂದಿನ ಪ್ರೊಪೆಲರ್ ಶಾಫ್ಟು ಎಲ್ಲ ತೆಪ್ಪಗೆ ಮಲಗಿರುತ್ತವೆ. ತಿರುಗದ ಗಿಯರು ಊಂ ಅನ್ನೋದು ಹೇಗೆ?

ಸದ್ದು ಬಂದಾಗ ಎಲ್ಲರೂ ಕೇಳೋದು ‘ಎಲ್ಲಿಂದ ಬರ್ತಿದೆ’ ಅಂತ. ಕಬ್ಬಿಣದ ಗಾಡಿಯಲ್ಲಿ ಸದ್ದು ಹುಟ್ಟೋದು ಒಂದು ಕಡೆ, ಕೇಳಿಸೋದು ಇನ್ನೊಂದು ಕಡೆ. ಅದಕ್ಕೇ ನಾನು ಮೊದಲು ಕೇಳೋದು ‘ಆಗ ಏನೇನು ತಿರುಗ್ತಾ ಇತ್ತು’ ಅಂತ. ಕೈಯಿಂದ ಹಬ್ ಲಾಕ್ ಮಾಡುವ ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ, ಅಂದ್ರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ, ಇದೊಂದು ಅನುಕೂಲ. ಮುಂದಿನ ಆಕ್ಸಲ್‌ನ ಒಂದೊಂದೇ ಭಾಗವನ್ನು ಬೇಕೆಂದಾಗ ನಿಲ್ಲಿಸಬಹುದು, ಬೇಕೆಂದಾಗ ತಿರುಗಿಸಬಹುದು. ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಪತ್ತೆ ಮುಗಿದಿರುತ್ತೆ.

ಹೀಗೆ ಮಾಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ನೈಸ್ ರೋಡಿಗೆ ಹೋಗಿ, ಟ್ರಾಫಿಕ್ ಇರಲ್ಲ. ಸ್ಟೇರಿಂಗ್ ನಡುಗುವ ಗಾಡಿ ಇದು, 50–55 ದಾಟಿಸಬೇಡಿ, ಎಡಗಡೆಯಲ್ಲೇ ಇರಿ. ಮೊದಲು ಟೂ ಹೈ, ಎರಡೂ ಹಬ್ ಫ್ರೀ. ಸದ್ದು ಕೇಳಿಸಿಕೊಳ್ಳಿ. ಆಮೇಲೆ ನಿಲ್ಲಿಸಬಹುದಾದ ಜಾಗ ನೋಡಿ ನಿಲ್ಲಿಸಿ ಇಳಿದು ಎರಡೂ ಹಬ್ ಲಾಕ್‌ಗೆ ತಿರುಗಿಸಿ. ಒಂದು ಮಾತ್ರ ಅಲ್ಲ, ಎರಡೂ. ಲಿವರ್ ಟೂ ಹೈನಲ್ಲೇ ಇರಲಿ. ಈಗ ಚಕ್ರಗಳೇ ಒಳಗಿನ ಶಾಫ್ಟು, ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರು ಗುಂಪು), ಮುಂದಿನ ಪ್ರೊಪೆಲರ್ ಶಾಫ್ಟನ್ನು ತಿರುಗಿಸುತ್ತವೆ. ಇಂಜಿನ್ನಿನ ಭಾರ ಮಾತ್ರ ಇರಲ್ಲ. ಮೊದಲು ಇಲ್ಲದ ಸದ್ದು ಈಗ ಬಂದರೆ ಅದು ಹಬ್ಬಿನಿಂದ ಒಳಗಿನದ್ದು. ಎರಡರಲ್ಲೂ ಒಂದೇ ತರ ಇದ್ದರೆ ಹಬ್ಬಿನ ಹೊರಗಿನದ್ದು, ಇಲ್ಲ ಅಂದ್ರೆ ಮುಂದಿನ ಆಕ್ಸಲ್ಲಿಗೆ ಸಂಬಂಧವೇ ಇಲ್ಲದ್ದು. ಮೂರನೆಯದು ಫೋರ್ ಹೈ, ಅಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ. ಅದನ್ನು ಮಣ್ಣಿನ ಬಯಲಿನಲ್ಲಿ ಮಾತ್ರ ಮಾಡಿ.

ಟಾರು ರಸ್ತೆಯಲ್ಲಿ ಯಾಕೆ ಬೇಡ ಅಂದ್ರೆ, ಜಿಪ್ಸಿಯಲ್ಲಿ ಹಿಂದೆ ಮುಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನದ್ದಕ್ಕಿಂತ ಜಾಸ್ತಿ ದೂರ ಓಡಬೇಕು. ಮಣ್ಣಾದರೆ ಟೈರು ಸ್ವಲ್ಪ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತೆ. ಒಣ ಟಾರಿನಲ್ಲಿ ಜಾರಲ್ಲ. ಆ ಒತ್ತಡ ಶಾಫ್ಟುಗಳಲ್ಲಿ ಹುರಿಗಟ್ಟಿ ಕೂರುತ್ತೆ. ಲಿವರ್ ಸಿಕ್ಕಿಹಾಕಿಕೊಂಡು ಟೂ ಹೈಗೆ ಬರಲ್ಲ ಅನ್ನುವವರಲ್ಲಿ ಹೆಚ್ಚಿನವರ ಗಾಡಿ ಕೆಟ್ಟಿರಲ್ಲ, ಈ ಹುರಿ ಬಿಚ್ಚಿಕೊಂಡಿರಲ್ಲ ಅಷ್ಟೆ. ನಾಲ್ಕಾರು ಮೀಟರ್ ರಿವರ್ಸ್ ಹೋದರೆ ಲಿವರ್ ತಾನೇ ಬರುತ್ತೆ. ಬೆಂಗಳೂರಿನಲ್ಲಿ ಮಳೆ ಬಂತು ಅಂತ ಫೋರ್ ಹೈ ಹಾಕಿ ಆಫೀಸಿಗೆ ಹೋಗುವವರನ್ನು ನೋಡಿದ್ದೇನೆ. ಎರಡು ಸಿಗ್ನಲ್ ದಾಟುವುದರೊಳಗೆ ರಸ್ತೆ ಒಣಗಿರುತ್ತೆ, ಇವರು ಲಿವರ್ ಮರೆತಿರುತ್ತಾರೆ.

ಈಗ ನಿಮ್ಮ ಊಂ ಸದ್ದಿಗೆ ಬರೋಣ. ಮುಂದಿನ ಕ್ರೌನ್ ಪಿನಿಯನ್ ಬಿಟ್ಟರೆ ಉಳಿಯೋದು ವೀಲ್ ಬೇರಿಂಗು, ಟೈರು, ಹಿಂದಿನ ಆಕ್ಸಲ್, ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸು. ಇವುಗಳನ್ನು ಓಡಿಸುತ್ತಲೇ ಬೇರೆ ಮಾಡಬಹುದು. ಹಿಂದಿನ ಆಕ್ಸಲ್‌ನ ಗಿಯರು ಆಕ್ಸಿಲರೇಟರಿಗೆ ಸ್ಪಂದಿಸುತ್ತೆ. ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು. ವೀಲ್ ಬೇರಿಂಗಿಗೆ ಆಕ್ಸಿಲರೇಟರ್ ಗೊತ್ತಿಲ್ಲ, ಸ್ಟೇರಿಂಗ್ ಗೊತ್ತು. ಖಾಲಿ ರಸ್ತೆಯಲ್ಲಿ 40–50ರಲ್ಲಿ ನಿಧಾನವಾಗಿ ಎಡಕ್ಕೆ ವಾಲಿಸಿದರೆ ಗಾಡಿಯ ಭಾರ ಬಲಚಕ್ರದ ಮೇಲೆ ಬೀಳುತ್ತೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್. ಬಲಕ್ಕೆ ವಾಲಿಸಿದಾಗ ಜಾಸ್ತಿಯಾದರೆ ಎಡಗಡೆಯದ್ದು. ಇನ್ನು ಟೈರಿಗೆ ರಸ್ತೆ ಗೊತ್ತು. ಬೆಂಗಳೂರಿನಲ್ಲಿ ಇದನ್ನು ನೋಡೋದು ಸುಲಭ. ಟಾರಿನಿಂದ ವೈಟ್ ಟಾಪಿಂಗ್ ಕಾಂಕ್ರೀಟಿಗೆ ಗಾಡಿ ಹತ್ತಿದ ಕ್ಷಣವೇ ಸದ್ದಿನ ಸ್ವರ ಬದಲಾದರೆ ಅದು ಟೈರು. ಮಡ್ ಟೈರ್ ಹಾಕಿಸಿಕೊಂಡು ಬೇರಿಂಗ್ ಹೋಯ್ತು ಅಂತ ಬಂದವರಿಗೆ ನಾನು ಮೊದಲು ಈ ಪರೀಕ್ಷೆಯನ್ನೇ ಹೇಳೋದು. ನಿಮ್ಮ ಟೈರು ಯಾವುದು ಅಂತ ನೀವು ಬರೆದಿಲ್ಲ. ಆದರೆ ಎಣ್ಣೆ ಜಿನುಗುವ ಕಡೆಯದ್ದೇ ಬೇರಿಂಗ್ ಇರಬಹುದು ಅನ್ನೋದು ನನ್ನ ಅಂದಾಜು. ಕಾರಣ ಮುಂದೆ ಹೇಳುತ್ತೇನೆ.

ಮುಂದಿನದು ಜಾಕ್ ಹಾಕಿ ನೋಡುವ ಕೆಲಸ. ಹಿಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಮುಂದಿನ ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಹಬ್ ಫ್ರೀ ಮಾಡಿ. ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಅಂಗೈಯನ್ನು ಅದೇ ಬದಿಯ ಲೀಫ್ ಸ್ಪ್ರಿಂಗ್ ಮೇಲೆ ಇಡಿ. ಒಳ್ಳೆ ಬೇರಿಂಗ್ ಆದರೆ ಕೈಗೆ ಏನೂ ಗೊತ್ತಾಗಲ್ಲ. ಹೋದ ಬೇರಿಂಗ್ ಆದರೆ ರಾಗಿ ಬೀಸುವ ಕಲ್ಲಿನ ಹಿಡಿ ಹಿಡಿದ ಹಾಗೆ ಗರಗರ ಅಂಗೈಗೆ ಬರುತ್ತೆ. ಕಿವಿಗಿಂತ ಕೈ ವಾಸಿ.

ಈಗ ಚಕ್ರದ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದು ಕೈಯಲ್ಲಿ ಹಿಡಿದು ಅಲುಗಾಡಿಸಿ. ಗಡಿಯಾರದ ಹನ್ನೆರಡು ಮತ್ತು ಆರು. ಪ್ಲೇ (ಸಡಿಲ) ಇದ್ದೇ ಇರುತ್ತೆ, ನೀವು ಹೇಳಿದ ಲಕ್ಷಣಕ್ಕೆ ಇಲ್ಲದೆ ಇರಲ್ಲ. ಇಲ್ಲೇ ಮುಕ್ಕಾಲು ಪಾಲು ಗ್ಯಾರೇಜುಗಳು ಎಡವೋದು. ಪ್ಲೇ ಕಂಡ ಕೂಡಲೇ ‘ವೀಲ್ ಬೇರಿಂಗ್ ಸಾರ್’ ಅಂತಾರೆ, ನಟ್ಟು ಬಿಗಿ ಮಾಡಿ ಕಳಿಸ್ತಾರೆ. ನೀವು ಮನೆಯಲ್ಲಿ ಯಾರನ್ನಾದರೂ ಕರೆದು ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಒತ್ತಿ ಹಿಡಿದಿರುವಾಗಲೇ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಡಿಸ್ಕನ್ನು ಕಚ್ಚಿಕೊಳ್ಳುತ್ತೆ. ಹಬ್ಬೂ, ಅದನ್ನು ಹೊತ್ತಿರುವ ನಕಲ್ಲೂ ಒಂದೇ ತುಂಡಿನ ಹಾಗೆ ಆಗುತ್ತವೆ. ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗಿನದ್ದು. ಬ್ರೇಕ್ ಒತ್ತಿದರೂ ಕಟ್ ಕಟ್ ಅಂತ ಉಳಿದುಕೊಂಡರೆ ಅದು ಚಕ್ರ ಎಡಬಲ ತಿರುಗುವ ಕೀಲಿನದ್ದು, ಅಂದ್ರೆ ಕಿಂಗ್ ಪಿನ್ನಿನದ್ದು. ಸ್ವಲ್ಪ ಉಳಿಯಿತು, ಸ್ವಲ್ಪ ಹೋಯಿತು ಅಂದ್ರೆ ಎರಡೂ ಹೋಗಿವೆ. ಒಬ್ಬರ ಕಾಲು, ಇನ್ನೊಬ್ಬರ ಕೈ, ಒಂದು ನಿಮಿಷ, ಅಷ್ಟರಲ್ಲಿ ಮುಗಿಯುವ ಪರೀಕ್ಷೆ. ಆದರೂ ಇದನ್ನು ಮಾಡುವವರು ಯಾಕೋ ಕಡಿಮೆ.

ನಕಲ್ ಅಂದ್ರೆ ನಕಲಿ ಅಲ್ಲ. ಕಬ್ಬಿಗೆ ಗೆಣ್ಣು ಇರುತ್ತಲ್ಲ, ಆಕ್ಸಲ್ಲಿಗೂ ಹಾಗೇ ಎರಡೂ ತುದಿಯಲ್ಲಿ ಒಂದೊಂದು ಗೆಣ್ಣು. ಜಿಪ್ಸಿಯ ಮುಂದಿನ ಚಕ್ರದ ಒಳಗಡೆ ಬಗ್ಗಿ ನೋಡಿದರೆ ಹೊಳೆಯುವ ಒಂದು ದೊಡ್ಡ ಗುಂಡು ಕಾಣುತ್ತೆ. ಅದು ಆಕ್ಸಲ್ ಹೌಸಿಂಗಿನ ತುದಿ. ಅದನ್ನು ಅಪ್ಪಿಕೊಂಡಿರುವ ಬಟ್ಟಲಿನಂಥದ್ದೇ ನಕಲ್. ಮೇಲೊಂದು ಕೆಳಗೊಂದು ಕಿಂಗ್ ಪಿನ್. ಪ್ರತಿಯೊಂದಕ್ಕೂ ಒಂದು ಟೇಪರ್ ಬೇರಿಂಗ್. ಚಕ್ರ ಎಡಬಲ ತಿರುಗೋದು ಈ ಎರಡು ಬೇರಿಂಗ್ ಮೇಲೆ. ಗುಂಡಿನ ಒಳಗೆ ಸಿವಿ ಜಾಯಿಂಟ್ ಇದೆ, ಆರು ಗೋಲಿಗಳದ್ದು. ಇಂಜಿನ್ನಿನ ಶಕ್ತಿ ಚಕ್ರ ಎತ್ತ ತಿರುಗಿದ್ದರೂ ಅದಕ್ಕೆ ತಲುಪೋದು ಇದರ ಮೂಲಕ. ಇಷ್ಟಕ್ಕೂ ಸೇರಿ ಒಂದೇ ಗ್ರೀಸಿನ ಮನೆ. ಹೊರಗಿನಿಂದ ಮಣ್ಣು ನೀರು ಬರದ ಹಾಗೆ ಒರೆಸುವ ದೊಡ್ಡ ಸೀಲ್ ಒಂದು. ಡಿಫರೆನ್ಷಿಯಲ್‌ನ ಎಣ್ಣೆ ಈ ಗ್ರೀಸಿನ ಮನೆಗೆ ನುಗ್ಗದ ಹಾಗೆ ತಡೆಯುವ ಚಿಕ್ಕ ಸೀಲ್ ಇನ್ನೊಂದು, ಅದು ಒಳಗಡೆ, ಹೊರಗಿನಿಂದ ಕಾಣಲ್ಲ.

ಆ ಚಿಕ್ಕ ಸೀಲಿನ ಮೇಲೇ ನನ್ನ ಅನುಮಾನ. ಬಲಗಡೆಯ ಗುಂಡಿನ ಮೇಲಿನ ಜಿಡ್ಡನ್ನು ಬೆರಳಿನಲ್ಲಿ ತೆಗೆದು ನೋಡಿ. ಕಪ್ಪಗೆ, ಗಟ್ಟಿಯಾಗಿ, ಅಂಟಂಟಾಗಿ ಇದ್ದರೆ ಗ್ರೀಸ್. ಗುಂಡಿನ ಮೇಲೆ ತೆಳುವಾಗಿ ಗ್ರೀಸ್ ಹರಡಿರೋದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ತೆಳ್ಳಗೆ ಹರಿಯುತ್ತಿದ್ದರೆ ಮೂಸಿ ನೋಡಿ. ಗಿಯರ್ ಆಯಿಲ್ಲಿಗೆ ಗಂಧಕದ ವಾಸನೆ ಇರುತ್ತೆ. ಒಮ್ಮೆ ಮೂಗಿಗೆ ಹತ್ತಿದರೆ ಮರೆಯಲ್ಲ. ಆ ವಾಸನೆ ಇದೆ ಅಂದ್ರೆ ಒಳಗಿನ ಸೀಲ್ ಹೋಗಿದೆ, ಡಿಫರೆನ್ಷಿಯಲ್‌ನ ಎಣ್ಣೆ ನಕಲ್ಲಿಗೆ ಬಂದು ಗ್ರೀಸನ್ನು ಕರಗಿಸಿ ತಿಳಿಸಾರು ಮಾಡಿದೆ. ಸಾರು ಹೊರಗಿನ ಸೀಲಿನಿಂದ ಸೋರುತ್ತಿದೆ. ಹೊರಗಿನ ಸೀಲ್ ಮಾತ್ರ ಬದಲಿಸಿದರೆ ಒಂದೆರಡು ತಿಂಗಳಿಗೆ ಮತ್ತೆ ಅದೇ ಕತೆ.

ಡಿಫರೆನ್ಷಿಯಲ್‌ನ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ, ಕಿರುಬೆರಳನ್ನು ಒಳಗೆ ಹಾಕಿ ಕೆಳಕ್ಕೆ ಬಗ್ಗಿಸಿ. ಗಾಡಿ ಸಮತಟ್ಟಾಗಿ ನಿಂತಿರಬೇಕು. ಎಣ್ಣೆ ತೂತಿನ ಅಂಚಿಗೆ ಇರಬೇಕು. ಬೆರಳಿಗೆ ಸಿಗದಿದ್ದರೆ ಆ ಎಣ್ಣೆ ಎಲ್ಲಿಗೆ ಹೋಯಿತು ಅಂತ ಈಗ ನಿಮಗೆ ಗೊತ್ತು.

ಸೀಲ್ ಯಾಕೆ ಹೋಗುತ್ತೆ ಅನ್ನೋದಕ್ಕೆ ಒಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಜಿಪ್ಸಿ ನನ್ನ ಹತ್ತಿರ ಬಂತು. ಒಂದೇ ವರ್ಷದಲ್ಲಿ ಎರಡು ಸಲ ಎರಡೂ ಕಡೆ ಒಳಸೀಲ್ ಬದಲಾಗಿತ್ತು. ಮೂರನೇ ಸಲವೂ ಸೋರಿಕೆ. ಮಾಲೀಕರು ನಕಲಿ ಸೀಲ್ ಹಾಕಿದ್ದಾರೆ ಅಂತ ಬೈಯುತ್ತಿದ್ದರು. ನಾನೂ ಸೀಲನ್ನೇ ಬೈಯುತ್ತಾ ಬಿಚ್ಚಲು ಕೂತೆ. ಎಣ್ಣೆ ತುಂಬುವ ಪ್ಲಗ್ ಸಡಿಲಿಸಿದ್ದೇ ತಡ, ಬುಸ್ ಅಂತ ಗಾಳಿ ಹೊರಗೆ ಬಂತು. ಆಗ ತಲೆಗೆ ಹೊಳೀತು. ಆಕ್ಸಲ್ ಮೇಲೆ ಒಂದು ಪುಟ್ಟ ಬ್ರೀದರ್ ಇರುತ್ತೆ. ಓಡಿ ಓಡಿ ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ, ಬ್ರೀದರಿನಿಂದ ಹೊರಗೆ ಹೋಗುತ್ತೆ. ಈ ಗಾಡಿಯ ಬ್ರೀದರ್ ಬಿಚ್ಚಿ ನೋಡಿದರೆ ಕೆಂಪು ಮಣ್ಣು ಗಾರೆ ಹಾಕಿದ ಹಾಗೆ ತುಂಬಿತ್ತು, ಕುಂಬಾರ ಹುಳ ಗೂಡು ಕಟ್ಟಿದ ಹಾಗೆ. ಗಾಳಿಗೆ ದಾರಿ ಇಲ್ಲ. ಅದು ಎಣ್ಣೆಯನ್ನು ಸೀಲಿನ ಕಡೆಗೆ ತಳ್ಳುತ್ತಿತ್ತು. ಒಂದು ತಂತಿ ಮತ್ತು ಸ್ವಲ್ಪ ಸೀಮೆಎಣ್ಣೆಯಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಸೀಲ್ ಬಲಿಯಾಗಿತ್ತು. ಅವತ್ತಿನಿಂದ ನಾನು ಸೋರಿಕೆ ಅಂದ ಕೂಡಲೇ ಮೊದಲು ಬ್ರೀದರ್ ಬಿಚ್ಚಿ ಬಾಯಲ್ಲಿ ಊದಿ ನೋಡುತ್ತೇನೆ.

ಇದೇ ಬ್ರೀದರಿನಿಂದ ಉಲ್ಟಾ ಕಷ್ಟವೂ ಇದೆ. ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತೆ. ಬ್ರೀದರ್ ಮುಳುಗಿದ್ದರೆ ಎಳೆದುಕೊಳ್ಳೋದು ನೀರನ್ನೇ. ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ. ಇದು ತೋಟದ ಹಳ್ಳ ದಾಟುವವರ ಕಷ್ಟ ಮಾತ್ರ ಅಂದುಕೊಂಡಿದ್ದೆವು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡು, ಬೆಳ್ಳಂದೂರು ಕಡೆ ನೀರು ನಿಂತು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ, ಆಮೇಲೆ ಊರೊಳಗೇ ಓಡಾಡುವ ಗಾಡಿಗಳ ಆಕ್ಸಲ್‌ನಲ್ಲೂ ನೀರು ಕಂಡೆ. ಡ್ರೇನ್ ಪ್ಲಗ್ ಬಿಚ್ಚಿದರೆ ಎಣ್ಣೆ ಬದಲು ಮಜ್ಜಿಗೆ ಬರುತ್ತೆ. ಹಾಗೆ ಬಂದರೆ ಅವತ್ತೇ ಎಣ್ಣೆ ಬದಲಿಸಬೇಕು. ನಕಲ್ಲಿಗೆ ಹೋದ ನೀರು ಇನ್ನೂ ಮೋಸ. ಅದು ತಳಕ್ಕೆ ಇಳಿದು ಕೆಳಗಿನ ಕಿಂಗ್ ಪಿನ್ ಬೇರಿಂಗ್ ಸುತ್ತ ಕೂರುತ್ತೆ. ತುಕ್ಕು ಶುರುವಾಗೋದು ಅಲ್ಲೇ.

ಈಗ ನಿಮ್ಮ ನಡುಕ. ಇದಕ್ಕೆ ಗುಂಡಿ ಬರೀ ನೆಪ. ನಾವು ಗಾಡಿಯನ್ನು ಹೆಚ್ಚು ಹೊತ್ತು ನೇರವಾಗೇ ಓಡಿಸುತ್ತೇವೆ ಅಲ್ವಾ? ಕಿಂಗ್ ಪಿನ್ ಬೇರಿಂಗಿನ ರೋಲರುಗಳು ಸದಾ ಅದೇ ಜಾಗದಲ್ಲಿ ಕೂತು ಪೆಟ್ಟು ತಿನ್ನುತ್ತವೆ. ವರ್ಷಗಳಾದ ಮೇಲೆ ಬೇರಿಂಗಿನ ಹೊರಬಳೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತೆ. ಚೆನ್ನೆಮಣೆ ತರ. ಬಿಗಿ ಹೋಗುತ್ತೆ. ಆಗ ಪೀಣ್ಯ ಫ್ಲೈಓವರಿನ ಒಂದು ಜಾಯಿಂಟ್ ತಾಗಿದರೂ ಸಾಕು, ಒಂದು ಚಕ್ರ ಬಲಕ್ಕೆ ವಾಲಿ, ಎರಡು ಚಕ್ರವನ್ನು ಜೋಡಿಸುವ ಟೈ ರಾಡ್ ಮೂಲಕ ಇನ್ನೊಂದನ್ನು ಎಳೆದು, ಅದು ವಾಪಸ್ ಎಳೆದು, ತಡೆಯಲು ಏನೂ ಇಲ್ಲದೆ ಕುಣಿತ ಶುರುವಾಗುತ್ತೆ. ಗ್ರೀಸ್ ತೊಳೆದು ಹೋಗಿದ್ದರೆ ಇದೆಲ್ಲ ಇನ್ನೂ ಬೇಗ.

ಕಿಂಗ್ ಪಿನ್ ಖಚಿತ ಮಾಡಿಕೊಳ್ಳೋದು ಹೀಗೆ. ಟೈ ರಾಡ್ ಮತ್ತು ಸ್ಟೇರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕನ್ನು ನಕಲ್ಲಿನಿಂದ ಬಿಚ್ಚಿಸಿ. ಎತ್ತಿರುವ ಚಕ್ರವನ್ನು ಒಂದೇ ಕೈಯಲ್ಲಿ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿ. ನಡುವೆ ಬಂದಾಗ ‘ಕ್ಲಿಕ್’ ಅಂತ ಗುಳಿಯಲ್ಲಿ ಕೂತ ಹಾಗೆ ಅನಿಸಿದರೆ ಬೇರಿಂಗ್ ಮುಗೀತು. ಏನೂ ತಡೆಯಿಲ್ಲದೆ ಹಗುರವಾಗಿ ತೂಗಾಡಿದರೂ ಮುಗೀತು. ಸರಿಯಾಗಿರುವ ನಕಲ್ ತಿರುಗುವಾಗ ಸ್ವಲ್ಪ ಹಟ ಮಾಡಬೇಕು. ಆ ಹಟ ಎಷ್ಟು ಅಂತ ಅಳೆಯೋದಕ್ಕೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಾಕು. ಹೊಸ ಬೇರಿಂಗ್ ಹಾಕಿ, ಹೊರಗಿನ ದೊಡ್ಡ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ಎಳೀಬೇಕು. ಒಂದರಿಂದ ಎರಡು ಕೆಜಿಯೊಳಗೆ ನಕಲ್ ಅಲುಗಬೇಕು. ಜಾಸ್ತಿ ಬಂದರೆ ಒಂದು ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಬೇಕು, ಕಡಿಮೆ ಬಂದರೆ ಒಂದು ತೆಗೀಬೇಕು. ಕೆಲವರು ಹಳೇ ಬೇರಿಂಗನ್ನೇ ಬಿಟ್ಟು ಶಿಮ್ ತೆಗೆದು ಬಿಗಿ ಮಾಡುತ್ತಾರೆ. ಗುಳಿ ಬಿದ್ದ ಬೇರಿಂಗಿಗೆ ಅದು ಆಗಿಬರಲ್ಲ. ನಡುವೆ ಸರಿ ಮಾಡಿದರೆ ಪಕ್ಕಕ್ಕೆ ತಿರುಗಿಸಿದಾಗ ಹಿಡಿಯುತ್ತೆ, ತಿರುಗಿದ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ. ನೋಡಿ, ಘಾಟಿಯಲ್ಲಿ ಅದು ನಡುಕಕ್ಕಿಂತ ಅಪಾಯ.

ಸ್ಟೇರಿಂಗ್ ಡ್ಯಾಂಪರ್ ಬಗ್ಗೆ ನನಗೆ ಸಿಟ್ಟಿದೆ. ಹೊಸ ಡ್ಯಾಂಪರ್ ಹಾಕಿದರೆ ಎಷ್ಟೋ ಸಲ ನಡುಕ ನಿಲ್ಲುತ್ತೆ. ಅದೇ ತೊಂದರೆ. ಸಡಿಲ ಇರೋದು ಸಡಿಲವಾಗೇ ಇರುತ್ತೆ, ನಿಮಗೆ ತಿಳಿಸುವ ಬಾಯಿ ಮಾತ್ರ ಮುಚ್ಚಿರುತ್ತೆ. ಕಿಂಗ್ ಪಿನ್ ಸರಿ ಮಾಡಿದ ಮೇಲೆ ಡ್ಯಾಂಪರ್ ಸೋರುತ್ತಿದ್ದರೆ ಹಾಕಿಸಿ, ನನ್ನ ತಕರಾರಿಲ್ಲ.

ಸ್ಟೇರಿಂಗ್ ಬಾಕ್ಸ್ ಅಂದವರದ್ದು ಪೂರ್ತಿ ತಪ್ಪಲ್ಲ, ಆದರೆ ಅದು ಸಾಲಿನಲ್ಲಿ ಕೊನೆಗೆ ಬರಬೇಕಾದದ್ದು. ಚಕ್ರ ನೆಲದ ಮೇಲಿರಲಿ, ಇಂಜಿನ್ ಆಫ್ ಇರಲಿ. ಒಬ್ಬರು ಸ್ಟೇರಿಂಗನ್ನು ಎರಡು ಬೆರಳಷ್ಟು ಆ ಕಡೆ ಈ ಕಡೆ ಆಡಿಸಲಿ. ನೀವು ಒಂದೊಂದೇ ಬಾಲ್ ಜಾಯಿಂಟ್ ಮೇಲೆ ಬೆರಳಿಡುತ್ತಾ ಹೋಗಿ. ಒಂದು ಬದಿ ಮೊದಲು ಅಲುಗಿ ಇನ್ನೊಂದು ಬದಿ ತಡವಾಗಿ ಅಲುಗಿದರೆ ಬೆರಳಿಗೆ ತಿಳಿಯುತ್ತೆ. ಎಲ್ಲ ಜಾಯಿಂಟು ಸರಿ ಇದ್ದು, ಬಾಕ್ಸಿನ ಒಳಹೋಗುವ ಶಾಫ್ಟ್ ತಿರುಗಿದರೂ ಹೊರಗಿನ ಆರ್ಮ್ ಅಲುಗದೆ ಇದ್ದರೆ ಮಾತ್ರ ಬಾಕ್ಸ್. ಬಾಕ್ಸಿನ ಮೇಲೆ ಒಂದು ಸ್ಕ್ರೂ ಇರುತ್ತೆ. ಪ್ಲೇ ಅಂದ ತಕ್ಷಣ ಅದನ್ನು ಬಿಗಿ ಮಾಡುವ ಚಟ ಕೆಲವರಿಗಿದೆ. ಟೈ ರಾಡ್ ಎಂಡಿನ ಸವೆತಕ್ಕೆ ಬಾಕ್ಸನ್ನು ಬಿಗಿ ಮಾಡಿದರೆ ಚೆನ್ನಾಗಿದ್ದ ಬಾಕ್ಸೂ ಹೋಗುತ್ತೆ. ಹಾಗೇ ಲೀಫ್ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ಬುಷ್, ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ನೋಡಿಬಿಡಿ. ಹಿಂದಿನ ಮಾಲೀಕರು ಗಾಡಿ ಎತ್ತರ ಮಾಡಲು ಮುಂದೆ ಉದ್ದ ಶ್ಯಾಕಲ್ ಹಾಕಿಸಿದ್ದರೆ ನನಗೆ ಬರೆಯಿರಿ. ಅದರಿಂದ ಆಕ್ಸಲ್ ಮುಂದಕ್ಕೆ ಬಾಗಿ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತೆ, ಏನು ರಿಪೇರಿ ಮಾಡಿದರೂ ಗಾಡಿ ರಸ್ತೆಯಲ್ಲಿ ಅಲೆದಾಡುತ್ತೆ.

ಅಲೈನ್‌ಮೆಂಟ್ ಕೊನೆಗೆ ಮಾಡಿಸಿ, ಮೊದಲಿಗಲ್ಲ. ಜಿಪ್ಸಿಯದ್ದು ಒಂದೇ ಗಟ್ಟಿ ಆಕ್ಸಲ್, ಅಲ್ಲಿ ಟೈ ರಾಡಿನಲ್ಲಿ ಸರಿ ಮಾಡಲು ಇರೋದು ಟೋ ಒಂದೇ, ಅಂದ್ರೆ ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ. ಆದರೆ ಕಂಪ್ಯೂಟರ್ ಕೊಡುವ ಚೀಟಿ ಎಸೀಬೇಡಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ಕೆಟ್ಟಿದ್ದರೆ, ಆ ಕಡೆ ಬೇರಿಂಗ್ ಸಡಿಲವಾಗಿದೆ ಅಥವಾ ಹೌಸಿಂಗ್ ಬಗ್ಗಿದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ನಾನು ಈ ಚೀಟಿಯನ್ನು ಜಾತಕದ ತರ ನೋಡುತ್ತೇನೆ.

ಉಳಿದದ್ದು ಟಕ್ ಟಕ್. ಮಣ್ಣಿನ ಬಯಲಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಗಿಯರು) ಹಾಕಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ನಡೆಯುವ ವೇಗದಲ್ಲಿ ಒಂದು ಸುತ್ತು ಹಾಕಿ. ಆಮೇಲೆ ಇನ್ನೊಂದು ಕಡೆಗೆ. ಯಾರಾದರೂ ಹೊರಗೆ ನಿಂತು ಕೇಳಿಸಿಕೊಳ್ಳಲಿ. ತಿರುವು ಜಾಸ್ತಿಯಾದಂತೆ ಜಾಸ್ತಿಯಾಗಿ, ನೇರ ಬಂದಾಗ ನಿಲ್ಲುವ ಟಕ್ ಟಕ್ ಸಿವಿ ಜಾಯಿಂಟಿನದ್ದು. ನೇರ ಹೋಗುವಾಗಲೂ ಭಾರ ಬಿದ್ದಾಗ ಟರ್ ಅಂತ ಹಲ್ಲು ಜಾರಿದ ಸದ್ದು ಬಂದರೆ ಹಬ್ ಪೂರ್ತಿ ಲಾಕ್ ಆಗುತ್ತಿಲ್ಲ. ಅದನ್ನು ಬಿಚ್ಚಿ, ಗಟ್ಟಿಯಾದ ಹಳೇ ಗ್ರೀಸ್ ತೊಳೆದರೆ ಎಷ್ಟೋ ಸಲ ಸರಿಹೋಗುತ್ತೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಒಂದೇ ಒಂದು ‘ಡಗ್’ ಬಂದರೆ ಪ್ರೊಪೆಲರ್ ಶಾಫ್ಟಿನ ತುದಿಯ ಕೀಲು, ಅಂದ್ರೆ ಕ್ರಾಸ್. ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚುವಾಗ ಎರಡೂ ತುಂಡಿನ ಮೇಲೆ ಸುಣ್ಣದಲ್ಲೋ ಪೇಂಟಿನಲ್ಲೋ ಗುರುತು ಹಾಕಿಸಿ. ಕ್ರಾಸ್ ಹಿಡಿಯುವ ಕವೆಗಳು, ಅಂದ್ರೆ ಯೋಕ್‌ಗಳು ಹಿಂದೆ ಇದ್ದ ಸಾಲಿನಲ್ಲೇ ಕೂರದಿದ್ದರೆ ಹೊಸ ನಡುಕ ಶುರುವಾಗುತ್ತೆ. ಅದು ಸ್ಟೇರಿಂಗಿನಲ್ಲಿ ಗಡಗಡ ಅನ್ನಲ್ಲ, ಸೀಟಿನ ಕೆಳಗೆ ಜುಂ ಅನ್ನುತ್ತೆ. ಪ್ರೊಪೆಲರ್ ಶಾಫ್ಟು ಚಕ್ರದ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ತಿರುಗೋದು, ಅದಕ್ಕೇ.

ಈಗ ನಿಮ್ಮ ದೂರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಳಸೀಲ್ ಹೋಗಿ ಎಣ್ಣೆ ನಕಲ್ಲಿಗೆ ಬಂತು. ಎಣ್ಣೆ ಗ್ರೀಸನ್ನು ತೊಳೀತು. ಗ್ರೀಸ್ ಇಲ್ಲದೆ ಕಿಂಗ್ ಪಿನ್ ಬೇರಿಂಗ್ ಸವೀತು, ಸ್ಟೇರಿಂಗ್ ನಡುಗಿತು. ಅದೇ ಮನೆಯಲ್ಲಿರುವ ಸಿವಿ ಜಾಯಿಂಟು ಸವೆದು ಟಕ್ ಅಂತಿದೆ. ನಡುಗಿ ನಡುಗಿ ವೀಲ್ ಬೇರಿಂಗೂ ಪೆಟ್ಟು ತಿಂದಿದೆ, ಊಂ ಅದರದ್ದು. ಜಾಕ್ ಪರೀಕ್ಷೆ ಬೇರೆ ಹೇಳಿದರೆ ನಾನು ಮಾತು ವಾಪಸ್ ತಗೋತೀನಿ. ಆದರೆ ಮೂರು ಗ್ಯಾರೇಜಿನವರು ಮೂರು ಕಡೆ ತೋರಿಸಿದ ರೋಗ ಒಂದೇ ಗೆಣ್ಣಿನಲ್ಲಿದೆ ಅಂತ ನನಗನಿಸುತ್ತೆ.

ಹಾಗಾಗಿ ಕಂತಿನಲ್ಲಿ ರಿಪೇರಿ ಮಾಡಿಸಬೇಡಿ. ನಕಲ್ ಬಿಚ್ಚೋದೇ ದೊಡ್ಡ ಕೆಲಸ. ಬಿಚ್ಚಿದ ಮೇಲೆ ಒಳಸೀಲು, ಹೊರಸೀಲು, ಮೇಲೆ ಕೆಳಗಿನ ಕಿಂಗ್ ಪಿನ್ ಬೇರಿಂಗು, ಬೇಕಿದ್ದರೆ ವೀಲ್ ಬೇರಿಂಗು, ಎಲ್ಲ ಒಟ್ಟಿಗೆ ಮುಗಿಸಿ. ಸಿವಿ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಲಿ ಓಡಾಡುವ ದಾರಿಯಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿದರೆ ಬದಲಿಸಿ. ಸಿಕ್ಕದಿದ್ದರೆ ಮಾಲಿಬ್ಡಿನಮ್ ಇರುವ ಗ್ರೀಸ್ ತುಂಬಿ ಹಾಕಿ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಗೆರೆ ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ಹೊಸ ಸೀಲೂ ನಿಲ್ಲಲ್ಲ. ಕಿಂಗ್ ಪಿನ್ ಎಡಗಡೆಯದ್ದನ್ನೂ ಮಾಡಿಸಿ, ಅದೂ ಅಷ್ಟೇ ವರ್ಷ ಓಡಿದೆ. ಡಿಫರೆನ್ಷಿಯಲ್ಲಿಗೆ ಹೊಸ ಎಣ್ಣೆ ಹಾಕಿಸಿ, ಜಿಎಲ್-5, 80ಡಬ್ಲ್ಯೂ-90 ಅಂತ ಬರೆದಿರುವ ಗಿಯರ್ ಆಯಿಲ್. ಹಳೇ ಎಣ್ಣೆ ಇಳಿಸುವಾಗ ಕೆಳಗೊಂದು ಬಿಳಿ ಬಟ್ಟೆ ಹಾಸಿ. ಬೆರಳಿನ ನಡುವೆ ಉಜ್ಜಿದರೆ ಕಾಡಿಗೆ ತರ ನುಣ್ಣಗಿರುವ ಬೂದು ಪುಡಿ ಇರಲಿ ಬಿಡಿ. ಚುಚ್ಚುವ ಚೂರು ಸಿಕ್ಕಿದರೆ ಮಾತ್ರ ಕ್ರೌನ್ ಪಿನಿಯನ್ ಮಾತು ಆಡೋಣ.

ಸಾಮಾನು ಜೆ.ಸಿ. ರೋಡಿನಲ್ಲಿ ಸಿಗುತ್ತೆ. ಬೇರಿಂಗನ್ನು ಡಬ್ಬಿ ನೋಡಿ ತಗೋಬೇಡಿ. ಹಳೇದನ್ನು ಜೊತೆಗೆ ಒಯ್ದು, ಅದರ ಬಳೆಯ (ರೇಸ್) ಮೇಲೆ ಕೊರೆದಿರುವ ನಂಬರ್ ಹೋಲಿಸಿ. ಸಿವಿ ಜಾಯಿಂಟ್ ಅಥವಾ ಶಾಫ್ಟ್ ಹಳೇದು ಸಾಕು ಅಂತ ಶಿವಾಜಿನಗರದ ಗುಜರಿಗೆ ಹೋದರೆ ಟೇಪು ತಗೊಂಡು ಹೋಗಿ. ಹಳೇ ಜಿಪ್ಸಿಗಳ ಆಕ್ಸಲ್ ಗಿಡ್ಡ. 1993ರಲ್ಲಿ ಅಗಲವಾಯಿತು. ಅಂಗಡಿಯವರು ‘ಎಲ್ಲಾ ಒಂದೇ ಸಾರ್’ ಅಂದರೂ ಅಳೆದು ತಗೊಳ್ಳಿ. ಬಲಗಡೆ ಎಡಗಡೆಯ ಶಾಫ್ಟಿನ ಉದ್ದವೂ ಬೇರೆ ಬೇರೆ.

ಇದನ್ನು ಓದುವ ಥಾರ್ ಮಾಲೀಕರಿಗೆ ಒಂದು ಮಾತು. 2020ರ ಥಾರಿನ ಮುಂದೆ ಗಟ್ಟಿ ಆಕ್ಸಲ್ ಇಲ್ಲ, ಎರಡು ಚಕ್ರವೂ ಬೇರೆ ಬೇರೆ ಆಡುತ್ತವೆ. ಅಲ್ಲಿ ಕಿಂಗ್ ಪಿನ್ ಬದಲು ಬಾಲ್ ಜಾಯಿಂಟ್ ನೋಡಬೇಕು. ಬ್ರೇಕ್ ಒತ್ತಿ ಅಲುಗಾಡಿಸುವ ಪರೀಕ್ಷೆ ಅಲ್ಲಿಗೂ ನಡೆಯುತ್ತೆ. ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿದು ಚಕ್ರದ ಒಳಬದಿಗೆ ಗ್ರೀಸ್ ಎರಚಿದೆಯಾ ನೋಡಿ. ಜಿಮ್ನಿಗೆ ಮಾತ್ರ ಇವತ್ತಿಗೂ ಮುಂದೆ ಗಟ್ಟಿ ಆಕ್ಸಲ್ಲು, ಕಿಂಗ್ ಪಿನ್ನು. ಮೇಲೆ ಹೇಳಿದ ಬಹಳಷ್ಟು ಅದಕ್ಕೆ ಸಲ್ಲುತ್ತೆ.

ಮೇಲಿನ ಪರೀಕ್ಷೆ ಬಿಟ್ಟರೆ ರಿಪೇರಿ ಆಗುವ ತನಕ 40 ದಾಟಬೇಡಿ, ತೋಟಕ್ಕೆ ಬೇರೆ ಗಾಡಿಯಲ್ಲಿ ಹೋಗಿ. ಆದರೂ ದಾರಿಯಲ್ಲಿ ನಡುಕ ಶುರುವಾದರೆ ಸ್ಟೇರಿಂಗ್ ಜೊತೆ ಕುಸ್ತಿ ಬೇಡ, ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಟೇರಿಂಗನ್ನು ಹಿಡಿದುಕೊಂಡೇ ಆಕ್ಸಿಲರೇಟರ್ ಬಿಟ್ಟು ವೇಗ ಇಳಿಯಲು ಬಿಡಿ. ಬಲಗಡೆ ಸೋರಿದ ಎಣ್ಣೆ ಡಿಸ್ಕಿಗೆ ತಾಗಿದೆಯಾ ಅಂತ ಇವತ್ತೇ ನೋಡಿ. ಬ್ರೇಕ್ ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತಿದ್ದರೆ ತಾಗಿರುವ ಅನುಮಾನ ಜಾಸ್ತಿ. ಹಾಗಿದ್ದರೆ ಪ್ಯಾಡೂ ಬದಲಿಸಬೇಕು, ಅಲ್ಲಿಯವರೆಗೆ ಗಾಡಿ ಓಡಿಸಲೇ ಬೇಡಿ. ಕೆಲಸ ಮುಗಿದು 500 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಜಾಕ್ ಹಾಕಿ ಹನ್ನೆರಡು–ಆರು ಅಲುಗಾಡಿಸಿ. ಹೊಸ ಬೇರಿಂಗ್ ಕೂತ ಮೇಲೆ ನಟ್ಟು ಸ್ವಲ್ಪ ಸಡಿಲವಾಗುವುದುಂಟು, ಆಗ ಒಮ್ಮೆ ಬಿಗಿ ಮಾಡಿಸಿಕೊಳ್ಳಿ. ಮೆಕ್ಯಾನಿಕ್ ಉಳಿ ಸುತ್ತಿಗೆ ಹಿಡಿದು ಬಂದರೆ ವಾಪಸ್ ಕಳಿಸಿ, ಆ ನಟ್ಟಿಗೆ ಅದರದೇ ಸಾಕೆಟ್ ಇದೆ.